ಏಪ್ರಿಲ್ 10ಕ್ಕೆ ಶಾಲೆ ಮುಗಿಯುತ್ತದೆ, 15ಕ್ಕೇ ಹತ್ತನೇ ಕ್ಲಾಸ್ ಶುರುವಂತೆ. ಬೇಸಿಗೆ ರಜೆ ಎಲ್ಲಿ ಹೋಯಿತು?

ಶ್ರೀನಿವಾಸಪುರದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲೇ ಒಂದು ಖಾಸಗಿ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸ್, ಸ್ಟೇಟ್ ಸಿಲಬಸ್. ಮೊನ್ನೆ ಸಮಾಜ ವಿಜ್ಞಾನದ ಪೇಪರ್ ಬರೆದಳು, ಅಲ್ಲಿಗೆ ಪರೀಕ್ಷೆ ಮುಗಿಯಿತು. 10ನೇ ತಾರೀಕು ರಿಸಲ್ಟ್. ಅದಕ್ಕೂ ಮೊದಲೇ ವಾಟ್ಸಾಪ್ ಗ್ರೂಪಿಗೆ ನೋಟಿಸ್ ಬಂದಿದೆ. ಏಪ್ರಿಲ್ 15ರಿಂದ ಮೇ 15ರವರೆಗೆ ಹತ್ತನೇ ಕ್ಲಾಸಿನ ಪಾಠ, ಬೆಳಿಗ್ಗೆ 8ರಿಂದ ಮಧ್ಯಾಹ್ನ 1, ಹಾಜರಾತಿ ಕಡ್ಡಾಯ, ಅದಕ್ಕೆ ಬೇರೆ ಫೀಸು. ಬರದಿದ್ದರೆ "ಮುಂದಿನ ಪರಿಣಾಮಕ್ಕೆ ಪೋಷಕರೇ ಹೊಣೆ" ಅಂತ ಕೊನೆಯ ಸಾಲು.

ಆ ಸಾಲು ಓದಿ ಮಗಳು ತಟ್ಟೆ ಬಿಟ್ಟು ಎದ್ದಳು. ಪ್ರತಿ ವರ್ಷ ರಜೆಗೆ ನಮ್ಮಮ್ಮನ ಮನೆಗೆ ಹೋಗುತ್ತಾಳೆ. ಅಲ್ಲಿ ಮಾವಿನ ತೋಪಿದೆ, ಅಣ್ಣನ ಮಕ್ಕಳಿದ್ದಾರೆ. ನಮ್ಮ ಯಜಮಾನರು ಎಲ್ಲರೂ ಕಳಿಸುತ್ತಾರೆ, ನಾವೂ ಕಳಿಸೋಣ ಅನ್ನುತ್ತಾರೆ. ಅತ್ತೆಯವರು ಒಂದು ವರ್ಷ ಕಷ್ಟಪಟ್ಟರೆ ಏನಾಗುತ್ತದೆ ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ರಜೆಯಲ್ಲಿ ಹೀಗೆ ಕಡ್ಡಾಯ ಮಾಡಬಹುದಾ? ಕಳಿಸದಿದ್ದರೆ ಮುಂದೆ ಹಾಲ್ ಟಿಕೆಟ್‌ಗೆ ತೊಂದರೆ ಕೊಡುತ್ತಾರಾ? ಗೊತ್ತಿರುವವರು ಹೇಳಿ.

ಚಿಂತಾಮಣಿ ರಾಘು
ಎಲ್ಲ ಕಡೆ ಹೀಗೇ ಅಕ್ಕ. ನಮ್ಮ ಊರಿನಲ್ಲಿ ಇನ್ನೂ ಜಾಸ್ತಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಕಳಿಸಿಬಿಡಿ.

ಮುಳಬಾಗಿಲು ದೋಸೆ
ಈಗ ರಜೆ ಇರುವುದು ಮೇಷ್ಟ್ರುಗಳಿಗೆ ಮಾತ್ರ, ಮಕ್ಕಳಿಗಲ್ಲ.

ಲೆಕ್ಕದ ಮೇಷ್ಟ್ರು
ದೋಸೆಯವರೇ, ನಾನು ಇದನ್ನು ಬರೆಯುತ್ತಿರುವುದು ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಮುಗಿಸಿ ಬಸ್ಸಿನಲ್ಲಿ ಬರುತ್ತಾ. ನಾವು ಬೇಸಿಗೆ, ದಸರಾ ರಜೆ ಸಿಗುವ ಇಲಾಖೆಯವರು ಅಂತ ನಮಗೆ ವರ್ಷಕ್ಕೆ 10 ಗಳಿಕೆ ರಜೆ, ಬೇರೆ ಸರ್ಕಾರಿ ನೌಕರರಿಗೆ 30. ಆ ಲೆಕ್ಕ ಯಾರೂ ಹೇಳುವುದಿಲ್ಲ.

ಅಮ್ಮಾ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಲಾಖೆ ಪ್ರತಿ ವರ್ಷ ಶೈಕ್ಷಣಿಕ ಮಾರ್ಗಸೂಚಿ ಹೊರಡಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ 10ಕ್ಕೆ ವರ್ಷ ಮುಗಿಯುತ್ತದೆ, 11ರಿಂದ ಮೇ 28ರವರೆಗೆ ಬೇಸಿಗೆ ರಜೆ, 29ಕ್ಕೆ ಶಾಲೆ ಶುರು. ರಾಜ್ಯ ಪಠ್ಯಕ್ರಮದ ಶಾಲೆ ಅಂದಮೇಲೆ ಸರ್ಕಾರಿ ಆಗಲಿ ಖಾಸಗಿ ಆಗಲಿ, ಈ ಕ್ಯಾಲೆಂಡರೇ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು, ಅದು ನಿಜ. ಆದರೆ ಆ 75 ಲೆಕ್ಕ ಹಾಕುವುದು ಶಾಲೆಯ ಕೆಲಸದ ದಿನಗಳ ಮೇಲೆ. ರಜೆಯಲ್ಲಿ ಅವರು ಹೆಸರು ಕೂಗಿ ಟಿಕ್ ಹಾಕುವ ಪುಸ್ತಕಕ್ಕೆ ಬೆಲೆ ಇಲ್ಲ. ಏಪ್ರಿಲ್‌ನಲ್ಲಿ ಬರಲಿಲ್ಲ ಅಂತ ಹಾಲ್ ಟಿಕೆಟ್ ತಡೆಯಲು ಆಗುವುದಿಲ್ಲ. ಹೆದರಬೇಡಿ.

ಶಿರಾ ಗೇಟ್
ಮೇಷ್ಟ್ರು ಹೇಳಿದ್ದು ಕಾಗದದ ಮೇಲೆ ಸರಿ. ಹಾಲ್ ಟಿಕೆಟ್ ತಡೆಯುವುದಿಲ್ಲ, ಆದರೆ ಜೂನ್‌ನಲ್ಲಿ ಮಗು ಕ್ಲಾಸಿಗೆ ಹೋದರೆ "ಆ ಚಾಪ್ಟರ್ ಮುಗಿದಿದೆ, ಫ್ರೆಂಡ್ಸ್ ಹತ್ತಿರ ನೋಟ್ಸ್ ಬರೆದುಕೋ" ಅನ್ನುತ್ತಾರೆ. ತುಮಕೂರಿನಲ್ಲಿ ನನ್ನ ಮಗನಿಗೆ ಆಗಿದ್ದು ಇದೇ. ನಾವು ಧೈರ್ಯ ಮಾಡಿ ಕಳಿಸಲಿಲ್ಲ. ಆಮೇಲೆ ಆ ಎರಡು ಪಾಠಗಳನ್ನು ದುಡ್ಡು ಕೊಟ್ಟು ಟ್ಯೂಷನ್‌ನಲ್ಲಿ ಓದಿಸಿದೆವು.

ಗೌರಿಬಿದನೂರು ಗೃಹಿಣಿ
ಹೌದು ಹೌದು. ಶಿಕ್ಷೆ ಅಂತ ಹೆಸರಿಡುವುದಿಲ್ಲ, ಆದರೆ ಶಿಕ್ಷೆಯೇ.

ಹೆಸರು ಬೇಡ
ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ, ಯಾವ ಊರು ಅಂತ ಕೇಳಬೇಡಿ. ಒಳಗಿನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ಬೈಯುವವರು ಆಮೇಲೆ ಬೈಯಿರಿ.

ನಮಗೆ ನವೆಂಬರ್ ಕೊನೆಗೆ ಪೋರ್ಷನ್ ಮುಗಿಸಿ ಅನ್ನುತ್ತಾರೆ. ಡಿಸೆಂಬರ್‌ನಿಂದ ಪುನರಾವರ್ತನೆ, ಜನವರಿ ಫೆಬ್ರವರಿಯಲ್ಲಿ ಸಾಲು ಸಾಲು ಪೂರ್ವಸಿದ್ಧತಾ ಪರೀಕ್ಷೆ. ಜೂನ್‌ನಿಂದ ಲೆಕ್ಕ ಹಾಕಿದರೆ ದಸರಾ ರಜೆ, ಗಣೇಶ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಪ್ರವಾಸ ಎಲ್ಲ ಕಳೆದು ಆ ದಿನಗಳಲ್ಲಿ ಮುಗಿಯುವುದೇ ಇಲ್ಲ. ಅದಕ್ಕೆ ಬೇಸಿಗೆಗೆ ಕೈ ಹಾಕುತ್ತಾರೆ. ಎರಡನೇ ಕಾರಣ ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸು. 625ಕ್ಕೆ 620 ತೆಗೆದ ಮಗುವಿನ ಫೋಟೋ ಮೇ ತಿಂಗಳಲ್ಲಿ ಅಲ್ಲಿ ಬಿದ್ದರೆ ಆ ವರ್ಷದ ಅಡ್ಮಿಷನ್ ತುಂಬಿತು ಅಂತಲೇ ಲೆಕ್ಕ.

ಮೂರನೆಯದು ಯಾರೂ ಹೇಳದ ಮಾತು. ನಮ್ಮಂಥ ಎಷ್ಟೋ ಶಾಲೆಗಳಲ್ಲಿ ಶಿಕ್ಷಕರಿಗೆ ಬೇಸಿಗೆ ತಿಂಗಳ ಸಂಬಳ ಪೂರ್ತಿ ಬರುವುದಿಲ್ಲ. ಕ್ಲಾಸ್ ತೆಗೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ನನಗೂ ಮಗುವಿದೆ, ಅವಳಿಗೂ ರಜೆ. ಅವಳನ್ನು ಅಜ್ಜಿ ಹತ್ತಿರ ಬಿಟ್ಟು ಬೇರೆಯವರ ಮಕ್ಕಳಿಗೆ ಸುಡುವ ಶೀಟಿನ ಕೆಳಗೆ ಪಾಠ ಮಾಡಲು ಹೋಗುತ್ತೇನೆ. ಖುಷಿಯಿಂದ ಅಂತ ಅಂದುಕೊಂಡಿದ್ದೀರಾ?

ಶ್ರೀನಿವಾಸಪುರದ ಅಮ್ಮ
ಇದು ನನಗೆ ಗೊತ್ತಿರಲಿಲ್ಲ ಮೇಡಂ. ಫೀಸು ಮಾತ್ರ ಪೂರ್ತಿ ವರ್ಷಕ್ಕೆ ತೆಗೆದುಕೊಳ್ಳುತ್ತಾರಲ್ಲ.

ಹೆಸರು ಬೇಡ
ಅದೇ ನಾನು ಹೇಳಿದ್ದು. ಅಂದಹಾಗೆ ಮೇಡಂ ಅಲ್ಲ, ಸರ್.

ಚಿಂತಾಮಣಿ ರಾಘು
ಎಲ್ಲರೂ ಶಾಲೆ ಬೈಯುವುದೇ ಆಯಿತು. ಚಿಕ್ಕಬಳ್ಳಾಪುರ ಜಿಲ್ಲೆ 2020ರಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂತು. ಸುಮ್ನೆ ಬಂತಾ? ರಜೆ ನೋಡದೆ ಓದಿಸಿದ್ದಕ್ಕೆ ಬಂತು.

ಲೆಕ್ಕದ ಮೇಷ್ಟ್ರು
ರಾಘು, ಸರಿಯಾದ ವರ್ಷವನ್ನೇ ಹಿಡಿದಿದ್ದೀಯ ನೋಡು. 2020ರ ಪರೀಕ್ಷೆ ಮಾರ್ಚ್ 27ಕ್ಕೆ ಶುರುವಾಗಬೇಕಿತ್ತು. ಕೊರೊನಾ ಬಂದು ಜೂನ್ 25ಕ್ಕೆ ಹೋಯಿತು. ನಡುವೆ ಮೂರು ತಿಂಗಳು ಮಕ್ಕಳು ಮನೆಯಲ್ಲಿ. ಚಂದನದಲ್ಲಿ ಪಾಠ ಬರುತ್ತಿತ್ತು, ಶಿಕ್ಷಕರು ಫೋನ್ ಮಾಡುತ್ತಿದ್ದರು, ಅಷ್ಟೇ. ಆ ವರ್ಷ ಮೊದಲ ಸ್ಥಾನ ಬಂದಿದ್ದು ಬೇಸಿಗೆ ಕ್ಲಾಸಿನಿಂದ ಅನ್ನುವ ಹಾಗಿದ್ದರೆ, ಮನೆಯಲ್ಲಿ ಕೂತು ಓದಿದ್ದರಿಂದಲೂ ಅನ್ನಬಹುದು. ಮೂರನೇ ಸ್ಥಾನ ಮಧುಗಿರಿಗೆ ಬಂದಿತ್ತು, ಅದನ್ನೂ ಸೇರಿಸಿಕೊಳ್ಳಿ ತುಮಕೂರಿನವರು.

ಶಿರಾ ಗೇಟ್
ಮಧುಗಿರಿ ಬೇರೆ ಶೈಕ್ಷಣಿಕ ಜಿಲ್ಲೆ ಸ್ವಾಮಿ. ಕಂದಾಯಕ್ಕೆ ಮಾತ್ರ ನಾವು ಒಂದು. ರ‍್ಯಾಂಕ್ ಬಂದಾಗ ಅವರು ನಮ್ಮವರಲ್ಲ ಅಂತ ಅವರೇ ಹೇಳುತ್ತಾರೆ.

ಪಾವಗಡ ಬಿಸಿಲು
ನಾವು ಮಧುಗಿರಿ ಶೈಕ್ಷಣಿಕ ಜಿಲ್ಲೆಯವರು. ಹೌದು, ನಿಮ್ಮವರಲ್ಲ.

ಚಿಂತಾಮಣಿ ರಾಘು
ಅದು ಸರಿ, ಆದರೆ ಮೇಷ್ಟ್ರೇ, 2024ರಲ್ಲಿ ಏನಾಯಿತು? ರಿಸಲ್ಟ್ ಬಿದ್ದುಹೋಯಿತು. ಓದಿಸದೇ ಇದ್ದರೆ ಹಾಗೆಯೇ.

ಲೆಕ್ಕದ ಮೇಷ್ಟ್ರು
2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್. ಕೃಪಾಂಕ ಕೊಟ್ಟೂ ಶೇ 73.40. ಅಲ್ಲಿಯವರೆಗಿನ ಫಲಿತಾಂಶದಲ್ಲಿ ಎಷ್ಟು ಗಟ್ಟಿ, ಎಷ್ಟು ಜೊಳ್ಳು ಅಂತ ಆ ವರ್ಷ ಎಲ್ಲರಿಗೂ ಗೊತ್ತಾಯಿತು. ಅದಕ್ಕೂ ಬೇಸಿಗೆ ರಜೆಗೂ ಏನು ಸಂಬಂಧ ಹೇಳು.

ರೇಷ್ಮೆಗೂಡು
ಶಿಡ್ಲಘಟ್ಟ ತಾಲ್ಲೂಕು. ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಜೆ ಅಂದರೆ ಅಜ್ಜಿ ಮನೆ, ತೋಪು, ಆಟ ಅಂತ ಬರೆಯುತ್ತಿದ್ದೀರಿ. ನಮ್ಮ ಮನೆಯಲ್ಲಿ ರಜೆ ಅಂದರೆ ರೇಷ್ಮೆ ಹುಳು. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದ ಮೇಲೆ ಆ ಏಳೆಂಟು ದಿನ ಹುಳು ತಿನ್ನುವುದು ನೋಡಬೇಕು. ರಾತ್ರಿ ಮಲಗಿದರೆ ಸೊಪ್ಪು ಕಡಿಯುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಹಿಪ್ಪುನೇರಳೆ ಕಡಿಯಬೇಕು. ಬಿಸಿಲು ಏರಿದರೆ ಸೊಪ್ಪು ಬಾಡುತ್ತದೆ, ಬಾಡಿದ್ದು ಹಾಕಿದರೆ ಹುಳು ಕೆಡುತ್ತದೆ. ಹಿಂದೆಯೇ ಹಿಕ್ಕೆ ತೆಗೆಯಬೇಕು, ಸುಣ್ಣ ಎರಚಬೇಕು. ಆಮೇಲೆ ಹುಳು ಹಣ್ಣಾಯಿತು ಅಂದರೆ ಮನೆಮಂದಿಯೆಲ್ಲ ಕೂತು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಊಟಕ್ಕೂ ಪುರುಸೊತ್ತಿಲ್ಲ. ಕೂಲಿಯವರು ಸಿಗುವುದಿಲ್ಲ, ಸಿಕ್ಕರೆ ಗೂಡಿನ ದುಡ್ಡಿನಲ್ಲಿ ಅರ್ಧ ಅವರಿಗೇ. ಹಾಗಾಗಿ ರಜೆ ಬಂತು ಅಂದರೆ ಮಕ್ಕಳೇ ಆಳು. ನಾನೂ ಹಾಗೇ ಬೆಳೆದೆ.

ಅಣ್ಣನ ಮಗಳು ಈ ವರ್ಷ ಹತ್ತಕ್ಕೆ. ಅವಳ ಶಾಲೆಯಲ್ಲಿ ಬೇಸಿಗೆ ಕ್ಲಾಸ್ ಅಂದಾಗ ಖುಷಿಯಿಂದ ಕುಣಿದಳು. ಕಾರಣ ಈಗ ಅರ್ಥವಾಯಿತಲ್ಲ. ಶಾಲೆಗೆ ಹೋದರೆ ಐದು ಗಂಟೆ ಕೂರಲು ಜಾಗ, ಫ್ಯಾನು, ಗೆಳತಿಯರು. ಎಲ್ಲ ಮಕ್ಕಳಿಗೂ ರಜೆ ಒಂದೇ ಅಲ್ಲ.

ಶ್ರೀನಿವಾಸಪುರದ ಅಮ್ಮ
ನೀವು ಹೇಳಿದ ಮೇಲೆ ಸುಮ್ಮನಾದೆ. ನಮ್ಮ ಕಡೆಯೂ ಮಾವಿನ ಮಂಡಿ ಶುರುವಾದರೆ ಮಕ್ಕಳು ಕಾಯಿ ಆರಿಸಲು ಹೋಗುತ್ತಾರೆ. ನಮ್ಮ ಮನೆಯಲ್ಲಿ ಇಲ್ಲ, ಆದರೆ ಪಕ್ಕದ ಬೀದಿಯಲ್ಲಿ ಇದ್ದಾರೆ.

ಪಾವಗಡ ಬಿಸಿಲು
ನಮ್ಮಲ್ಲಿ ಹುಣಸೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮನೆ ಮುಂದೆ ಗುಡ್ಡೆ. ಓಡು ಬಿಡಿಸಿ, ನಾರು ಎಳೆದು, ಬೀಜ ಕುಟ್ಟಿ ತೆಗೆಯಬೇಕು. ಕೆಜಿಗಿಷ್ಟು ಅಂತ ಕೂಲಿ. ಪರೀಕ್ಷೆ ನಡೆಯುತ್ತಿರುವಾಗಲೇ ಎಷ್ಟು ಮಕ್ಕಳ ಉಗುರು ಕಪ್ಪಾಗಿರುತ್ತದೆ ಅಂತ ಉತ್ತರ ಪತ್ರಿಕೆ ಹಂಚುವ ಮೇಷ್ಟ್ರನ್ನು ಕೇಳಿ.

ಲೆಕ್ಕದ ಮೇಷ್ಟ್ರು
ನಿಜ. ನಾನು ನೋಡಿದ್ದೇನೆ.

ಬರಗಾಲದ ವರ್ಷ ಇದು ಇನ್ನೂ ಸ್ಪಷ್ಟ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಅಂತ ಘೋಷಣೆಯಾದವು. ಮುಂದಿನ ಬೇಸಿಗೆಯಲ್ಲಿ ರಜೆಯಲ್ಲೂ ಬಿಸಿಯೂಟ ಕೊಡಿ ಅಂತ ಆದೇಶ ಬಂತು. ನಮ್ಮ ಶಾಲೆಯಲ್ಲಿ ಯಾರೂ ಬರುವುದಿಲ್ಲ ಅಂದುಕೊಂಡಿದ್ದೆವು. ಬಂದರು. ತಟ್ಟೆ ಹಿಡಿದು, ಜೊತೆಗೆ ಸಣ್ಣ ತಂಗಿಯನ್ನು ಸೊಂಟಕ್ಕೆ ಹಾಕಿಕೊಂಡು ಬಂದರು. ಊಟ ಮಾಡಿ ಹೋಗುವ ಬದಲು ಅಲ್ಲೇ ಬೇವಿನ ಮರದ ಕೆಳಗೆ ಚೌಕಾಬಾರ ಆಡುತ್ತಾ ಮೂರು ಗಂಟೆಯವರೆಗೆ ಕೂತಿರುತ್ತಿದ್ದರು.

ಗೌರಿಬಿದನೂರು ಗೃಹಿಣಿ
ಎಲ್ಲ ಸರಿ, ಆದರೆ ಒಂದು ವಿಷಯ ಯಾರೂ ಎತ್ತಲಿಲ್ಲ. ರಜೆ ಅಂತ ಮಕ್ಕಳನ್ನು ಊರಿಗೆ ಬಿಟ್ಟರೆ ನೀರಿನ ಹತ್ತಿರ ಹೋಗುತ್ತಾರೆ. ನನಗೆ ಆ ಭಯಕ್ಕೇ ಕ್ಲಾಸ್ ಇದ್ದರೆ ಒಳ್ಳೆಯದು ಅನ್ನಿಸುತ್ತದೆ. ಪ್ರತಿ ಬೇಸಿಗೆ ಪೇಪರಿನಲ್ಲಿ ಓದುವುದೇ ಆಯಿತು.

ಕೋಲಾರ ಬೋರ್‌ವೆಲ್
ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ತೋಟ ಇರುವ ನೆಂಟರಿಗೂ ಕಳಿಸಿ. ಕೆರೆಗಿಂತ ಭಯ ಕೃಷಿ ಹೊಂಡದ್ದು. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್ ನೀರು ಹಿಡಿದಿಡಲು ತೋಟಕ್ಕೊಂದು ಹೊಂಡ ತೆಗೆಸಿದ್ದಾರೆ. ನೀರು ಇಂಗದ ಹಾಗೆ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಆ ಹಾಳೆ ಮೇಲೆ ತೆಳ್ಳಗೆ ಪಾಚಿ ಕಟ್ಟುತ್ತದೆ. ನಾಲ್ಕೂ ಕಡೆ ಇಳಿಜಾರು. ಇಳಿದವನಿಗೆ ಹಿಡಿಯಲು ಕಲ್ಲಿಲ್ಲ, ಬೇರಿಲ್ಲ, ಮಣ್ಣಿಲ್ಲ. ಈಜು ಬಂದರೂ ಮೇಲೆ ಹತ್ತಲು ಆಗುವುದಿಲ್ಲ, ಹತ್ತಿದಷ್ಟೂ ಜಾರುತ್ತದೆ. ಒಬ್ಬನನ್ನು ಎತ್ತಲು ಹೋಗಿ ಇನ್ನೊಬ್ಬ ಬೀಳುವುದು ಇದರಿಂದಲೇ.

ನಮ್ಮ ಹೊಂಡಕ್ಕೆ ನಾನು ಮಾಡಿಸಿದ್ದು ಇಷ್ಟೇ. ಸುತ್ತ ತಂತಿ ಬೇಲಿ, ಒಂದು ಗೇಟು, ಅದಕ್ಕೆ ಬೀಗ. ಎರಡು ಕಡೆ ದಪ್ಪ ನೈಲಾನ್ ಹಗ್ಗವನ್ನು ಅಡಿಗೊಂದು ಗಂಟು ಹಾಕಿ ದಡದ ಕಲ್ಲುಕಂಬಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಟ್ಟಿದ್ದೇನೆ. ಹಳೆಯ ಟ್ರಾಕ್ಟರ್ ಟ್ಯೂಬ್ ಒಂದು ತೇಲುತ್ತಿದೆ. ಹೋದ ಬೇಸಿಗೆಯಲ್ಲಿ ನಮ್ಮ ಆಳಿನ ಮಗ ಬೇಲಿ ಹಾರಿ ಇಳಿದಿದ್ದ. ಆ ಹಗ್ಗ ಹಿಡಿದು ಹತ್ತಿ ಬಂದ. ಅವನಪ್ಪ ಅವನಿಗೆ ಹೊಡೆದ, ಆಮೇಲೆ ಕೂತು ಅತ್ತ. ಕೃಷಿ ಭಾಗ್ಯದಲ್ಲಿ ಹೊಂಡ ಮಾಡಿಸುವವರಿಗೆ ಈಗ ಬೇಲಿಗೂ ಸಹಾಯಧನ ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಶ್ರೀನಿವಾಸಪುರದ ಅಮ್ಮ
ನಮ್ಮಣ್ಣನ ತೋಟದಲ್ಲೂ ಹೊಂಡ ಇದೆ. ಬೇಲಿ ಇದೆ, ಹಗ್ಗ ಇಲ್ಲ. ಈಗಲೇ ಫೋನ್ ಮಾಡಿ ಹೇಳಿದೆ. ನಾಳೆ ಸಂತೆಯಿಂದ ತರುತ್ತೇನೆ ಅಂದ.

ಮುಳಬಾಗಿಲು ದೋಸೆ
ಈ ಒಂದು ಪೋಸ್ಟಿಗೆ ಇಡೀ ಚರ್ಚೆ ಸಾರ್ಥಕ ಬೋರ್‌ವೆಲ್ ಅಣ್ಣ.

ಬೆಂಚ್ ನಂಬರ್ 4
ನಾನು ಹತ್ತನೇ ಕ್ಲಾಸ್ ಎಕ್ಸಾಂ ಈಗ ತಾನೇ ಮುಗಿಸಿದವನು, ಕೋಲಾರ. ದೊಡ್ಡವರೆಲ್ಲ ಮಾತಾಡುತ್ತಿದ್ದೀರಿ, ನಾನೂ ಒಂದು ಹೇಳಲಾ? ಹೋದ ಬೇಸಿಗೆಯಲ್ಲಿ ನಮಗೂ ಕ್ಲಾಸ್ ಇತ್ತು. ಲೆಕ್ಕದಲ್ಲಿ ಎರಡು ಚಾಪ್ಟರ್ ಮಾಡಿದರು. ಜೂನ್‌ನಲ್ಲಿ ಹೊಸ ಮಕ್ಕಳು ಸೇರಿದರು ಅಂತ ಅದೇ ಎರಡು ಚಾಪ್ಟರ್ ಮತ್ತೆ ಮಾಡಿದರು. ಏಪ್ರಿಲ್‌ನಲ್ಲಿ ಬಂದವರಿಗೆ ಅದು ಬೋರು, ಬರದವರಿಗೆ ಏನೂ ನಷ್ಟ ಆಗಲಿಲ್ಲ. ಇನ್ನೊಂದು, ಹುಡುಗಿಯರಿಗೆ ಬಸ್ಸಿನಲ್ಲಿ ಶಕ್ತಿ ಇದೆ. ನಮ್ಮ ಪಾಸು 10 ತಿಂಗಳದ್ದು, ಏಪ್ರಿಲ್‌ಗೆ ಮುಗಿಯುತ್ತದೆ. ದಿನಾ ಟಿಕೆಟ್ ತೆಗೆದುಕೊಂಡು ಹೋಗಿದ್ದು ನಾವು ಹುಡುಗರು.

ಹೆಸರು ಬೇಡ
ಅದೇ ಪಾಠ ಮತ್ತೆ ಮಾಡಿದ್ದು ನಿಮ್ಮ ಶಾಲೆಯ ಒಳ್ಳೆಯತನ ಕಣಪ್ಪಾ. ನಮ್ಮಲ್ಲಿ ಮಾಡಲು ಬಿಡುವುದಿಲ್ಲ.

ಶಿರಾ ಗೇಟ್
ಎಕ್ಸಾಂ ಮುಗಿದ ದಿನ ಏನು ಮಾಡಿದಿರಿ ಬೆಂಚ್? ಇಂಕ್ ಎರಚಾಟ ಇತ್ತಾ?

ಬೆಂಚ್ ನಂಬರ್ 4
ಇಂಕ್ ಎಲ್ಲ ಹಳೇ ಕಾಲ. ಕೇಕ್, ಸ್ಪ್ರೇ, ಅಂಗಿ ಮೇಲೆ ಮಾರ್ಕರ್‌ನಲ್ಲಿ ಸಹಿ. ನನ್ನ ಅಂಗಿ ಬೆನ್ನಿನ ಮೇಲೆ ಪಿಟಿ ಮೇಷ್ಟ್ರು "ಇನ್ನಾದರೂ ಟೈಮಿಗೆ ಬಾ" ಅಂತ ಬರೆದರು.

ಗೌರಿಬಿದನೂರು ಗೃಹಿಣಿ
ಆ ಅಂಗಿ ತಂಗಿಗೋ ತಮ್ಮನಿಗೋ ಆಗುತ್ತಿತ್ತು ಅಂತ ನಿಮ್ಮಮ್ಮ ಬೈಯಲಿಲ್ಲವಾ?

ಬೆಂಚ್ ನಂಬರ್ 4
ಬೈದರು. ಈಗ ಅದು ಅಜ್ಜಿ ಮನೆಯಲ್ಲಿ ಟ್ರಾಕ್ಟರ್ ಒರೆಸುವ ಬಟ್ಟೆ.

ಪಾವಗಡ ಬಿಸಿಲು
ಬೀಳ್ಕೊಡುಗೆಗೆ ಒಬ್ಬೊಬ್ಬ ಮಗುವಿನಿಂದ ದುಡ್ಡು ಎತ್ತುವುದರ ಬಗ್ಗೆಯೂ ಯಾರಾದರೂ ಬರೆಯಿರಿ. ಒಂಬತ್ತನೆಯವರು ಹತ್ತನೆಯವರಿಗೆ ಕೊಡಬೇಕು ಅಂತ ಪದ್ಧತಿ. ಕೊಡಲು ಆಗದ ಮಗು ಆ ದಿನ ಶಾಲೆಗೇ ಬರುವುದಿಲ್ಲ. ನನ್ನ ತಂಗಿಯ ಮಗ ಹೊಟ್ಟೆನೋವು ಅಂತ ಮನೆಯಲ್ಲಿ ಮಲಗಿದ್ದ. ಏನೂ ನೋವಿರಲಿಲ್ಲ.

ಲೆಕ್ಕದ ಮೇಷ್ಟ್ರು
ನಮ್ಮಲ್ಲಿ ಅದನ್ನು ನಿಲ್ಲಿಸಿದೆವು. ಬಿಸಿಯೂಟದ ಅಕ್ಕಂದಿರೇ ಕೇಸರಿಬಾತ್ ಮಾಡುತ್ತಾರೆ, ರವೆ ಸಕ್ಕರೆ ತುಪ್ಪ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಯವರದು. ಉಡುಗೊರೆ ತರುವ ಹಾಗಿಲ್ಲ. ಮೊದಲ ವರ್ಷ ಮಕ್ಕಳು ಮುಖ ಊದಿಸಿಕೊಂಡಿದ್ದರು, ಈಗ ಯಾರಿಗೂ ನೆನಪಿಲ್ಲ.

ಮತ್ತೆ ವಿಷಯಕ್ಕೆ ಬರೋಣ. ಅಮ್ಮಾ, ನಿಮ್ಮ ಮಗಳು ಒಂಬತ್ತರಲ್ಲಿ ಲೆಕ್ಕದಲ್ಲಿ ಹೇಗೆ?

ಶ್ರೀನಿವಾಸಪುರದ ಅಮ್ಮ
ಭಾಷೆ, ಸಮಾಜ ಚೆನ್ನಾಗಿದೆ. ಲೆಕ್ಕ ಅಷ್ಟಕ್ಕಷ್ಟೇ. ಬೀಜಗಣಿತ ಅಂದರೆ ಭಯ.

ಲೆಕ್ಕದ ಮೇಷ್ಟ್ರು
ಹಾಗಾದರೆ ಇದನ್ನು ಗಮನವಿಟ್ಟು ಓದಿ. ಹತ್ತನೇ ಕ್ಲಾಸಿನ ಲೆಕ್ಕ ಅರ್ಧಕ್ಕರ್ಧ ಒಂಬತ್ತರ ಮೇಲೆ ನಿಂತಿದೆ. ಬಹುಪದೋಕ್ತಿ ಎರಡರಲ್ಲೂ ಇದೆ. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಒಂಬತ್ತರಲ್ಲಿ ಒಂದೊಂದಾಗಿ ಬರುತ್ತದೆ, ಹತ್ತರಲ್ಲಿ ಜೋಡಿಯಾಗಿ ಬರುತ್ತದೆ. ಒಂಬತ್ತರಲ್ಲಿ ತ್ರಿಭುಜಗಳ ಸರ್ವಸಮತೆ ಬಂದಿಲ್ಲ ಅಂದರೆ ಹತ್ತರಲ್ಲಿ ಸಮರೂಪತೆ ಬಾಯಿಪಾಠವೇ ಗತಿ. ಈ ಮಗುವನ್ನು ಏಪ್ರಿಲ್ 15ಕ್ಕೆ ಕೂರಿಸಿ ಹತ್ತರ ಪಾಠ ಶುರು ಮಾಡಿದರೆ ಭಯ ಜಾಸ್ತಿ ಆಗುತ್ತದೆ, ಕಡಿಮೆ ಆಗುವುದಿಲ್ಲ. ಅದಕ್ಕೇ ಸರ್ಕಾರಿ ಶಾಲೆಗಳಲ್ಲಿ ಜೂನ್ ಮೊದಲಲ್ಲಿ ಸೇತುಬಂಧ ಅಂತ ಹಿಂದಿನ ವರ್ಷದ ಪಾಠ ಮತ್ತೆ ನೋಡುವುದು. ಎಷ್ಟೋ ಕಡೆ ಅದು ರಿಜಿಸ್ಟರಿನಲ್ಲಿ ಮಾತ್ರ ನಡೆಯುತ್ತದೆ ಅನ್ನುವುದು ಬೇರೆ ಮಾತು.

ನನ್ನ ಸಲಹೆ: ಅಜ್ಜಿ ಮನೆಗೆ ಕಳಿಸಿ. ಒಂಬತ್ತನೇ ಕ್ಲಾಸಿನ ಲೆಕ್ಕದ ಪುಸ್ತಕ ಮಾತ್ರ ಚೀಲದಲ್ಲಿ ಹಾಕಿ, ಹತ್ತರದ್ದು ಬೇಡ. ಬೆಳಿಗ್ಗೆ ತಿಂಡಿಗೆ ಮೊದಲು ಒಂದು ಗಂಟೆ. ಮೊದಲು ಉದಾಹರಣೆ ಲೆಕ್ಕ ಮುಚ್ಚಿ ತಾನೇ ಮಾಡಿ, ಆಮೇಲೆ ತೆರೆದು ನೋಡಲಿ. ಅಭ್ಯಾಸ ಪೂರ್ತಿ ಮಾಡಬೇಕು ಅಂತ ಹಠ ಬೇಡ. ಅಷ್ಟು ಮಾಡಿ ಜೂನ್‌ಗೆ ಬಂದರೆ, ಶಾಲೆಯಲ್ಲಿ ಎರಡು ಪಾಠ ಮುಗಿದಿದ್ದರೂ ಹಿಡಿಯುತ್ತಾಳೆ.

ಚಿಂತಾಮಣಿ ರಾಘು
ಅಜ್ಜಿ ಮನೆಯಲ್ಲಿ ಬೆಳಿಗ್ಗೆ ಒಂದು ಗಂಟೆ ಲೆಕ್ಕ. ಮೇಷ್ಟ್ರೇ, ನಿಮ್ಮ ಬಾಲ್ಯ ನೆನಪಿಸಿಕೊಂಡು ಬರೆದಿದ್ದೀರಾ?

ಲೆಕ್ಕದ ಮೇಷ್ಟ್ರು
ನನ್ನ ಬಾಲ್ಯದಲ್ಲಿ ಮೊಬೈಲ್ ಇರಲಿಲ್ಲ ಕಣಯ್ಯ. ಈಗ ಆ ಒಂದು ಗಂಟೆ ಮೊಬೈಲಿನಿಂದ ಕಿತ್ತುಕೊಂಡದ್ದು.

ರೇಷ್ಮೆಗೂಡು
ಪಂಚಾಯಿತಿ ಅರಿವು ಕೇಂದ್ರದಲ್ಲಿ (ಊರಿನ ಲೈಬ್ರರಿ) ಬೇಸಿಗೆ ಶಿಬಿರ ಮಾಡುತ್ತಾರೆ, ಮಕ್ಕಳಿಗೆ ಉಚಿತ. ನಮ್ಮ ಊರಿನಲ್ಲಿ ಗ್ರಂಥಪಾಲಕಿ ಚೆನ್ನಾಗಿ ನಡೆಸುತ್ತಾರೆ. ಪಕ್ಕದ ಊರಿನಲ್ಲಿ ಬೀಗ. ಹೋಗಿ ನೋಡಬೇಕಷ್ಟೆ.

ಗೌರಿಬಿದನೂರು ಗೃಹಿಣಿ
ನನ್ನ ಅಕ್ಕನ ಮಗಳು ಸಿಬಿಎಸ್‌ಇ. ಅವರಿಗೆ ಏಪ್ರಿಲ್‌ನಲ್ಲೇ ಹೊಸ ಕ್ಲಾಸ್ ಶುರುವಾಗಿದೆ. ಅವರಿಗೆ ಇಲ್ಲದ ತೊಂದರೆ ಸ್ಟೇಟ್‌ನವರಿಗೆ ಯಾಕೆ?

ಹೆಸರು ಬೇಡ
ಸಿಬಿಎಸ್‌ಇಗೆ ವರ್ಷ ಶುರುವಾಗುವುದೇ ಏಪ್ರಿಲ್‌ನಲ್ಲಿ. ಅವರಿಗೆ ಅದು ಸಾಮಾನ್ಯ ಶಾಲೆ, ಬೇಸಿಗೆ ರಜೆ ಆಮೇಲೆ ಬರುತ್ತದೆ. ಇಲ್ಲಿ ಸ್ಟೇಟ್‌ನ ಫೀಸು, ಸಿಬಿಎಸ್‌ಇಯ ಏಪ್ರಿಲ್, ಮತ್ತೆ ಸ್ಟೇಟ್‌ನ ಜೂನ್, ಮೂರನ್ನೂ ಒಂದೇ ಮಗುವಿನ ಮೇಲೆ ಹಾಕುತ್ತಾರೆ.

ಶಿರಾ ಗೇಟ್
ಇಲಾಖೆಯವರೂ ಕಡಿಮೆ ಏನಿಲ್ಲ. 2024ರಲ್ಲಿ 5, 8, 9ನೇ ಕ್ಲಾಸಿಗೆ ಬೋರ್ಡ್ ಥರ ಪರೀಕ್ಷೆ ಅಂದರು. ಹೈಕೋರ್ಟಿನ ಒಂದು ಪೀಠ ಬೇಡ ಅಂದಿತು, ಇನ್ನೊಂದು ಪೀಠ ನಡೆಸಿ ಅಂದಿತು. ಮಕ್ಕಳು ಬರೆದರು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ನನ್ನ ಮಗ ಆ ಬ್ಯಾಚು. ರಜೆಯೆಲ್ಲ "ಪಾಸಾ ಫೇಲಾ" ಅಂತ ನೆಂಟರು ಕೇಳುವುದು, ಅವನು ಕೋರ್ಟ್ ಕೇಳಿ ಅನ್ನುವುದು.

ಲೆಕ್ಕದ ಮೇಷ್ಟ್ರು
ಅದೇ ವರ್ಷ ಎಸ್‌ಎಸ್‌ಎಲ್‌ಸಿ ಫೇಲಾದವರಿಗೆ ಮೇ ರಜೆಯಲ್ಲೇ ವಿಶೇಷ ಪಾಠ ಮಾಡಿ ಅಂತ ನಮಗೂ ಆದೇಶ ಬಂತು. ನಾವು ವಿರೋಧಿಸಿದೆವು. ಕೊನೆಗೆ ಪರೀಕ್ಷೆ-2 ಜೂನ್ 7ರ ಬದಲು 14ಕ್ಕೆ ಹೋಯಿತು. ಮೂರು ಪರೀಕ್ಷೆ ಪದ್ಧತಿ ಬಂದ ಮೊದಲ ವರ್ಷ ಅದು.

ಮುಳಬಾಗಿಲು ದೋಸೆ
ಮಕ್ಕಳಿಗೆ ರಜೆ ಬೇಕು ಅಂತ ಬರೆಯುವವರು ಫೇಲಾದ ಮಕ್ಕಳಿಗೆ ಪಾಠ ಮಾಡಿ ಅಂದಾಗ ವಿರೋಧ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಲೆಕ್ಕದ ಮೇಷ್ಟ್ರು
ಹೀಗೆ ಅರ್ಥ ಮಾಡಿಕೊಳ್ಳಿ. ರಜೆಯಲ್ಲಿ ಕೆಲಸ ಕೊಟ್ಟರೆ ಅದಕ್ಕೆ ಗಳಿಕೆ ರಜೆ ಕೊಡಿ, ಮೊದಲೇ ಹೇಳಿ. ಟಿಕೆಟ್ ಬುಕ್ ಮಾಡಿದವನಿಗೆ ಹಿಂದಿನ ದಿನ ಆದೇಶ ಬೇಡ. 2025ರಲ್ಲಿ ಜಾತಿ ಸಮೀಕ್ಷೆ ಅಂತ ನಮ್ಮ ದಸರಾ ರಜೆ ಹೋಯಿತು. ಮನೆ ಮನೆ ತಿರುಗಿದೆವು, ಓಟಿಪಿ ಬರದೆ ಗೇಟಿನ ಹತ್ತಿರ ನಿಂತೆವು. ಮಕ್ಕಳಿಗೆ ಮಾತ್ರ ಅಕ್ಟೋಬರ್ 18ರವರೆಗೆ ರಜೆ ಸಿಕ್ಕಿತು. ಆ ಪಾಠ ಆಮೇಲೆ ಶನಿವಾರಗಳಲ್ಲಿ ತುಂಬಿದ್ದೂ ನಾವೇ.

ಮುಳಬಾಗಿಲು ದೋಸೆ
ಸರಿ ಸರಿ, ಶರಣು.

ಶ್ರೀನಿವಾಸಪುರದ ಅಮ್ಮ
ಇವತ್ತಿನ ವಿಷಯ ಹೇಳುತ್ತೇನೆ. ರಿಸಲ್ಟ್ ತರಲು ಹೋಗಿದ್ದೆ. ಗ್ರೂಪಿನಲ್ಲಿ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಿದ್ದರು. ಆದರೆ ಗೇಟಿನ ಹೊರಗೆ ಮಾತಾಡಿದಾಗ ಅರ್ಧ ಜನಕ್ಕೆ ಇಷ್ಟವಿಲ್ಲ. ಆರೇಳು ಜನ ತಾಯಂದಿರು ಒಟ್ಟಿಗೆ ಒಳಗೆ ಹೋದೆವು. ನಾನು ಮೇಷ್ಟ್ರು ಬರೆದಿದ್ದನ್ನೇ ಕೇಳಿದೆ. ಸರ್, ರಜೆಯ ಹಾಜರಾತಿ 75ಕ್ಕೆ ಸೇರುತ್ತದಾ, ಸೇರುವುದಾದರೆ ಬರೆದು ಕೊಡಿ ಅಂದೆ. ಹೆಡ್ ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ಕಡ್ಡಾಯ ಅಂದರೆ ಹಾಗಲ್ಲಮ್ಮ, ಆಸಕ್ತಿ ಇರುವವರಿಗೆ ಅಂತ ಅರ್ಥ ಅಂದರು. ಈಗ ತೀರ್ಮಾನ ಏನೆಂದರೆ ಏಪ್ರಿಲ್ 30ರವರೆಗೆ ಮಾತ್ರ, 8ರಿಂದ 11, ಬರುವವರಷ್ಟೇ ಫೀಸು ಕೊಡುವುದು. ಜೂನ್‌ನಲ್ಲಿ ಆ ಪಾಠ ಮತ್ತೆ ಮಾಡುತ್ತೀರಾ ಅಂದಿದ್ದಕ್ಕೆ "ನೋಡೋಣ" ಅಂದರು.

ಶಿರಾ ಗೇಟ್
ಆ "ನೋಡೋಣ" ನನಗೂ ಹೇಳಿದ್ದರು. ಜೂನ್ ಮೊದಲ ವಾರ ಮತ್ತೆ ಅದೇ ಆರೇಳು ಜನ ಹೋಗಿ.

ಚಿಂತಾಮಣಿ ರಾಘು
ಬರೆದು ಕೊಡಿ ಅಂದಿರಾ? ಭಲೇ ಅಕ್ಕ. ನಾನಾಗಿದ್ದರೆ ಹೂಂ ಅಂದುಕೊಂಡು ಬರುತ್ತಿದ್ದೆ. ಆದರೂ ನನ್ನ ಮಾತು ಅದೇ, ನನ್ನ ಮಗನನ್ನು ಕಳಿಸುತ್ತೇನೆ. ಮನೆಯಲ್ಲಿದ್ದರೆ ಕ್ರಿಕೆಟ್ಟು, ಬಿಸಿಲಿಗೆ ಮೂಗಿನಲ್ಲಿ ರಕ್ತ.

ರೇಷ್ಮೆಗೂಡು
ಬರುವವರಷ್ಟೇ ಫೀಸು ಅಂದರೆ ನಮ್ಮಣ್ಣನ ಮಗಳಂಥವರು ಬರುವುದಿಲ್ಲ. ಬೇಕಾದವರಿಗೆ ಸಿಗಲಿಲ್ಲ ನೋಡಿ.

ಹೆಸರು ಬೇಡ
ಶಿಡ್ಲಘಟ್ಟದವರೇ, ಆ ಮಗುವಿಗೆ ವಿಜ್ಞಾನದಲ್ಲಿ ಏನಾದರೂ ಬೇಕಾದರೆ ನನಗೆ ಮೆಸೇಜ್ ಮಾಡಿ. ಸಂಜೆ ಫೋನಿನಲ್ಲಿ ಹೇಳಿಕೊಡುತ್ತೇನೆ, ದುಡ್ಡು ಬೇಡ.

ಕೋಲಾರ ಬೋರ್‌ವೆಲ್
ವಿಷಯ ಬಿಟ್ಟು ಕೇಳುತ್ತೇನೆ ಅಕ್ಕ, ಈ ಸಲ ತೋತಾಪುರಿ ಮಾವಿನ ಫಸಲು ಹೇಗೆ? 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರಿನವರು ನಮ್ಮ ಕಾಯಿ ಒಳಗೆ ಬಿಡುವುದಿಲ್ಲ ಅಂದಾಗ ಲೋಡುಗಟ್ಟಲೆ ಕೊಳೆಯಿತು. ನಮ್ಮ ಮುಖ್ಯಮಂತ್ರಿ ಅಲ್ಲಿನ ಮುಖ್ಯಮಂತ್ರಿಗೆ ಕಾಗದ ಬರೆಯುವವರೆಗೂ ಹೋಯಿತು.

ಶ್ರೀನಿವಾಸಪುರದ ಅಮ್ಮ
ಹೂವು ಚೆನ್ನಾಗಿತ್ತು, ಒಂದು ಗಾಳಿಮಳೆಗೆ ಉದುರಿತು. ನಿಂತಿರುವುದು ಪರವಾಗಿಲ್ಲ. ತೋತಾಪುರಿ ಕಿತ್ತುಹಾಕಿ ಬೇರೆ ಹಾಕಬೇಕು ಅಂತ ಅಣ್ಣ ಅನ್ನುತ್ತಲೇ ಇದ್ದಾನೆ, ಕೀಳುವುದಿಲ್ಲ.

ಗೌರಿಬಿದನೂರು ಗೃಹಿಣಿ
ನನ್ನದೂ ಒಂದು ಪ್ರಶ್ನೆ. ಮಗನನ್ನು ಎಂಟಕ್ಕೆ ಬೇರೆ ಶಾಲೆಗೆ ಹಾಕಬೇಕು. ಟಿಸಿ ಈಗ ಕೇಳಬೇಕಾ, ಜೂನ್‌ನಲ್ಲಾ?

ಲೆಕ್ಕದ ಮೇಷ್ಟ್ರು
ಅರ್ಜಿ ಈಗಲೇ ಕೊಡಿ, ಕೊಟ್ಟಿದ್ದಕ್ಕೆ ಒಂದು ಪ್ರತಿಯಲ್ಲಿ ಸಹಿ ತೆಗೆದುಕೊಳ್ಳಿ. ಮಗುವಿನ ಸ್ಯಾಟ್ಸ್ ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯ ನಂಬರ್) ಬರೆದಿಟ್ಟುಕೊಳ್ಳಿ, ಹೊಸ ಶಾಲೆಯವರು ಮೊದಲು ಕೇಳುವುದು ಅದನ್ನೇ. ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇರುವ ಹಾಗೆಯೇ ಇದೆಯಾ ಅಂತ ಈಗಲೇ ನೋಡಿ. ಹತ್ತನೇ ಕ್ಲಾಸಿನ ಅಂಕಪಟ್ಟಿ ಬಂದ ಮೇಲೆ ತಿದ್ದಿಸಲು ಹೊರಟರೆ ಚಪ್ಪಲಿ ಸವೆಯುತ್ತದೆ.

ಬೆಂಚ್ ನಂಬರ್ 4
ಶ್ರೀನಿವಾಸಪುರದ ಆಂಟಿ, ನಿಮ್ಮ ಮಗಳಿಗೆ ನನ್ನ ಹತ್ತನೇ ಕ್ಲಾಸ್ ಪುಸ್ತಕ ಬೇಕಾ? ಕೋಲಾರ ಬಸ್ ಸ್ಟ್ಯಾಂಡಿಗೆ ಬಂದರೆ ಕೊಡುತ್ತೇನೆ. ಹಳೆಯ ಪ್ರಶ್ನೆಪತ್ರಿಕೆಗಳೂ ಇವೆ. ಗಣಿತ ಭಾಗ 2 ಮಾತ್ರ ಇಲ್ಲ, ತಂಗಿ ಹರಿದು ದೋಣಿ ಮಾಡಿದಳು.

ಶ್ರೀನಿವಾಸಪುರದ ಅಮ್ಮ
ಬೇಕಪ್ಪ. ಭಾನುವಾರ ಕೋಲಾರಕ್ಕೆ ಬರುವುದಿದೆ, ಹನ್ನೊಂದಕ್ಕೆ ಸಿಗುತ್ತೀಯಾ? ಭಾಗ 2 ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಇರುತ್ತದಂತೆ, ಅಲ್ಲಿಂದ ತೆಗೆಸುತ್ತೇನೆ.

ಬೆಂಚ್ ನಂಬರ್ 4
ಹನ್ನೊಂದಕ್ಕೆ ಮ್ಯಾಚ್ ಇದೆ ಆಂಟಿ. ಹತ್ತಕ್ಕೆ ಆಗುತ್ತಾ?